ಕಿವಿಗೆ ಬೀಳದ ಕೂಸು

ತಾನು ಚಿಕ್ಕಮ್ಮನಾದ ಸುದ್ದಿ ಯಶ್ಮಿತಾಳಿಗೆ ಸಿಕ್ಕಿದ್ದು ಬೆಂಗ್ರೆಯ ಕಡವಿನಲ್ಲಿ, ಒಂದು ಕಾಲು ದಡದಲ್ಲಿ, ಇನ್ನೊಂದು ಕಾಲು ಬೋಟಿನಲ್ಲಿ ಇಟ್ಟಿದ್ದಾಗ. ಹೇಳಿದ್ದು ಮನೆಯವರಲ್ಲ. ನೆರೆಮನೆಯ ಹಸ್ನಾ. ಇಬ್ಬರದ್ದೂ ಒಂದೇ ಕಾಲೇಜು, ಒಂದೇ ಬೆಂಚು.

"ಏ ಚಿಕ್ಕಮ್ಮ! ಸ್ವೀಟ್ ಎಲ್ಲಿ ಮಾರಾಯ್ತಿ? ಹೆಣ್ಣು ಮಗು ಅಂತೆ, ನಮಗೆ ಒಂದು ಮಾತು ಹೇಳ್ಲಿಕ್ಕೆ ಇಲ್ವಾ?"

"ಯಾರಿಗೆ ಹೆಣ್ಣು ಮಗು?"

"ನಾಟಕ ಸಾಕು. ನಿನ್ನ ಅಕ್ಕನಿಗೆ. ನಮ್ಮ ಅಣ್ಣ ಬಾಸಿತ್ ಹೋದ ವಾರವೇ ಮಸ್ಕತ್‌ನಿಂದ ಫೋನ್ ಮಾಡಿದ್ದ. ಆಸ್ಪತ್ರೆಗೆ ಖರ್ಜೂರ ಹಿಡ್ಕೊಂಡು ಹೋಗಿದ್ದನಂತೆ ಅವ."

ಬೋಟಿನ ಇಂಜಿನ್ ಶುರುವಾಗಿದ್ದರಿಂದ ಬೇರೆ ಯಾರಿಗೂ ಈ ಮಾತು ಕೇಳಿಸಲಿಲ್ಲ. ಯಶ್ಮಿತಾ ಹಲಗೆಯ ಮೇಲೆ ಕುಳಿತಳು. ಸಂತೋಷ ಬರಬೇಕಿತ್ತು. ಬಂತು ಕೂಡ. ಆದರೆ ಅದರ ಹಿಂದೆಯೇ, ಬಾಲ ಹಿಡಿದುಕೊಂಡು ಬಂದ ಹಾಗೆ, ಸಿಟ್ಟು ಬಂತು. ಎರಡು ದಿನದ ಹಿಂದೆ "ಎಂತ ಆಯ್ತು ಅಕ್ಕಾ?" ಎಂದು ಅವಳೇ ಮೆಸೇಜ್ ಹಾಕಿದ್ದಳು. "ಇನ್ನೂ ಇಲ್ಲ" ಎಂದು ಉತ್ತರ ಬಂದಿತ್ತು. ಅಕ್ಕ ತನ್ನ ಹತ್ತಿರ ಸುಳ್ಳು ಹೇಳಿದಳೇ?

ಅಕ್ಕ ಎಂದರೆ ಆ ಹುಡುಗಿಗೆ ಬರಿಯ ಅಕ್ಕ ಅಲ್ಲ, ಅದನ್ನು ಮೊದಲು ಹೇಳಿಬಿಡಬೇಕು. ಅಪ್ಪ ಎನ್ನುವವನು ಇವರು ಸಣ್ಣವರಿದ್ದಾಗಲೇ ಹೊನ್ನಾವರದ ಕಡೆ ಇನ್ನೊಂದು ಸಂಸಾರ ಕಟ್ಟಿಕೊಂಡ. ಅಮ್ಮ ಕಾಮಾಲೆಯಲ್ಲಿ ಹೋದಳು. ತಾಯಿಯ ಅಣ್ಣ ತಾರಾನಾಥ ಇಬ್ಬರನ್ನೂ ತನ್ನ ಮನೆಯಲ್ಲಿ ಇಟ್ಟುಕೊಂಡ. ಅನ್ನ ಮಾವನದ್ದು, ನಿಜ. ಆದರೆ ತಲೆ ಬಾಚಿದ್ದು ಅಕ್ಕ, ಮೋಕ್ಷಾ. ಜ್ವರ ಬಂದರೆ ಎತ್ತಿಕೊಂಡು ಕಡವು ದಾಟಿಸಿದ್ದು ಮೋಕ್ಷಾ. ಪಿಯುಸಿ ಮುಗಿದದ್ದೇ ತನ್ನ ಪುಸ್ತಕ ಕಟ್ಟಿಟ್ಟು ಸಿಗಡಿ ಸುಲಿಯುವ ಶೆಡ್ಡಿಗೆ ಹೋದವಳು ಮೋಕ್ಷಾ. ಮಂಜುಗಡ್ಡೆಯ ನೀರಿನಲ್ಲಿ ಬೆರಳಿನ ತುದಿ ಬಿರಿದು, ಆ ಬಿರುಕಿಗೆ ಉಪ್ಪು ಹತ್ತಿ, ರಾತ್ರಿ ಕೈಯನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದಳು. ಆ ಕೈಯಿಂದಲೇ ತಂಗಿಯನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿದಳು. ಅಂಥವಳು ಹೆತ್ತದ್ದು ತಂಗಿಗೆ ನೆರೆಯವಳ ಬಾಯಿಯಿಂದ ಗೊತ್ತಾಗುವುದೆಂದರೆ!

ಆಚೆ ದಡದಲ್ಲಿ ಇಳಿದು, ಸ್ಟೇಟ್‌ಬ್ಯಾಂಕಿನ ಬಸ್‌ ನಿಲ್ದಾಣದವರೆಗೆ ಬಿರುಸಾಗಿ ನಡೆದು ಅಕ್ಕನ ಫೋನಿಗೆ ವಿಡಿಯೊ ಕಾಲ್ ಹಚ್ಚಿದಳು. ಎತ್ತಿದವನು ಭಾವ ಕಮಲೇಶ.

"ಭಾವ, ಅಕ್ಕನಿಗೆ ಕೊಡಿ."

"ಓ ಯಶ್ಮಿ... ನಿನಗೆ ಪರೀಕ್ಷೆ ಅಲ್ವಾ? ಪರೀಕ್ಷೆ ಮುಗಿಯುವವರೆಗೆ ಹೇಳುವುದು ಬೇಡ ಅಂತ ಮಾವ..."

"ಆ ಮೆಸೇಜ್ ಹಾಕಿದ್ದು ನೀವಾ?"

ಫೋನ್ ಕೈ ಬದಲಾಯಿತು. ಪರದೆಯ ಮೇಲೆ ಮೋಕ್ಷಾಳ ಬಾಡಿದ ಮುಖ ಬಂತು.

"ಪರೀಕ್ಷೆ ಮುಗಿಯಿತಾ? ಹೇಗೆ ಬರ್ದಿ?"

"ಯಾವ ಪರೀಕ್ಷೆ ಅಕ್ಕಾ? ನನ್ನ ಪರೀಕ್ಷೆ ಬರುವ ತಿಂಗಳು!"

ಮೋಕ್ಷಾಳಿಗೆ ಅರ್ಥವಾಗಲಿಲ್ಲ. ಅರ್ಥವಾಗದೆಯೇ ಫೋನನ್ನು ಪಕ್ಕಕ್ಕೆ ತಿರುಗಿಸಿದಳು. ಹಳದಿ ಬಟ್ಟೆಯೊಳಗೆ ಒಂದು ಕೆಂಪು ಮುಖ, ಮುಷ್ಟಿ ಬಿಗಿದುಕೊಂಡು, ಯಾರ ಮೇಲೋ ಸಿಟ್ಟು ಬಂದ ಹಾಗೆ ನಿದ್ದೆ ಮಾಡುತ್ತಿತ್ತು. ಸುತ್ತ ಕಂಡಕ್ಟರುಗಳು ಕಂಕನಾಡಿ, ಕಂಕನಾಡಿ ಎಂದು ಕೂಗುತ್ತಿದ್ದರು. ಒಬ್ಬ ಬಂದು, "ಹತ್ತುದಾದ್ರೆ ಹತ್ತಿ, ಮತ್ತೆ ಅಳುವಿರಂತೆ" ಎಂದು ಹೇಳಿ ಸೀಟಿ ಊದಿದ.

ಅವತ್ತು ಕಾಲೇಜಿನಲ್ಲಿ ನೋಟ್ಸಿಗೆ ಏನು ಬರೆದಳೋ ಅವಳಿಗೇ ಗೊತ್ತಿಲ್ಲ. ಸಾಯಂಕಾಲ ಕುಲಶೇಖರದ ರುಡೊಲ್ಫರ ಬೇಕರಿಯಲ್ಲಿ ಅವಳಿಗೆ ಎರಡು ಗಂಟೆಯ ಕೆಲಸ. ಅಕ್ಷರ ದುಂಡಗೆ ಉಂಟೆಂದು ಕೇಕಿನ ಮೇಲೆ ಹೆಸರು ಬರೆಯುವುದನ್ನು ಅವಳಿಗೇ ಬಿಟ್ಟಿದ್ದರು. ಊರಿನ ಎಷ್ಟು ಮಕ್ಕಳ ಹೆಸರನ್ನು ಆ ಕೈ ಕ್ರೀಮಿನಲ್ಲಿ ಬರೆದಿದೆಯೋ. ಅವತ್ತು ಯಾರದ್ದೋ ಮಗುವಿನ ಹೆಸರು ಬರೆಯುವಾಗ ಕ್ರೀಮು ಅರ್ಧಕ್ಕೆ ನಿಂತಿತು.

"ಚಿಕ್ಕಮ್ಮ ಆದವಳು ಹೀಗೆ ಮುಖ ಊದಿಸಿಕೊಳ್ಳುವುದಾ?" ಎಂದು, ಅವಳನ್ನೇ ಕೇಳಿ ವಿಷಯ ತಿಳಿದುಕೊಂಡಿದ್ದ ರುಡೊಲ್ಫ್ ಒಂದು ಪೊಟ್ಟಣ ಲಾಡು ಕಟ್ಟಿದರು. "ಮನೆಗೆ ತೆಗೊಂಡು ಹೋಗು."

"ನಮ್ಮ ಮನೆಯಲ್ಲಿ ಮಗು ಹುಟ್ಟಿಲ್ಲ ಅಂಕಲ್" ಎಂದಳು ಯಶ್ಮಿತಾ. ಪೊಟ್ಟಣವನ್ನು ಬ್ಯಾಗಿನ ಅಡಿಯಲ್ಲಿ, ಪುಸ್ತಕಗಳ ಕೆಳಗೆ ತುರುಕಿದಳು. ಬಸ್ಸಿನಲ್ಲಿ ಯೋಚಿಸುತ್ತ ಬರುವಾಗಲೇ ಮಾವ ಇದನ್ನು ಯಾಕೆ ಮುಚ್ಚಿಟ್ಟನೆಂದು ತಿಳಿದುಹೋಗಿತ್ತು.

ತಾರಾನಾಥನದ್ದು ಧಕ್ಕೆಯಲ್ಲಿ, ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ಮೀನಿನ ವ್ಯಾಪಾರ. ಬುಟ್ಟಿ ಹೊತ್ತು ಮೇಲೆ ಬಂದ ಮನುಷ್ಯ. ಮರಳಿನ ಮೇಲಿನ ಹಳೆಯ ಮನೆ ಬಿಟ್ಟು ಕೊಟ್ಟಾರದಲ್ಲಿ ಹೊಸ ಮನೆ ಕಟ್ಟಿಸಿದ್ದ. ಗುರುವಾರ ಅದರ ಒಕ್ಕಲು, ಗೃಹಪ್ರವೇಶ. ಬೋಟಿನ ಧಣಿಗಳನ್ನೆಲ್ಲ ಕರೆದಾಗಿದೆ, ಅಡುಗೆಯವರಿಗೆ ಹೇಳಿಯಾಗಿದೆ. ಅದಕ್ಕೆ ಅಡ್ಡ ಬಂದದ್ದು ಈ ಬೊಟ್ಟಿನಷ್ಟು ಕೂಸು.

ಅವರ ಕುಲ ತಾಯಿಯಿಂದ ಮಗಳಿಗೆ ಇಳಿಯುವುದು. ಅದಕ್ಕೆ ಬಳಿ ಎನ್ನುತ್ತಾರೆ. ಬಳಿಯಲ್ಲಿ ಯಾರು ಹೆತ್ತರೂ ಬಳಿಯವರಿಗೆಲ್ಲ ಅಮೆ, ಹೆರಿಗೆಯ ಸೂತಕ. ಅಮೆ ಕಳೆದು ಶುದ್ಧವಾಗುವವರೆಗೆ ದೀಪ ಹಚ್ಚುವ ಹಾಗಿಲ್ಲ, ಶುಭಕಾರ್ಯ ಮಾಡುವ ಹಾಗಿಲ್ಲ. ಆದರೆ ದೂರದಲ್ಲಿ ಇದ್ದವರಿಗೆ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಅಮೆ ಎಂದು ಹಿಂದಿನವರ ಒಂದು ಮಾತುಂಟು. ಕಡಲಿಗೆ ಹೋದವರಿಗೆ, ವಾರಗಟ್ಟಲೆ ಸುದ್ದಿ ಮುಟ್ಟದವರಿಗೆ ಅಂತ ಅವರು ಕರುಣೆಯಿಂದ ಇಟ್ಟ ಮಾತು ಅದು. ಜೇಬಿನಲ್ಲಿ ಎರಡೆರಡು ಮೊಬೈಲು ಇಟ್ಟುಕೊಂಡವನು ಅದನ್ನು ಕೊಡೆಯ ಹಾಗೆ ಬಿಡಿಸಿ ಹಿಡಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇವನು ಕಿವಿ ಮುಚ್ಚಿ ಮನೆ ಹೊಗುವವನು.

ಯಶ್ಮಿತಾ ಮನೆಗೆ ಹೋದಾಗ ಮಾವ ಊಟಕ್ಕೆ ಕುಳಿತಿದ್ದ. ಅತ್ತೆ ಗುಲಾಬಿ ಬಡಿಸುತ್ತಿದ್ದಳು.

"ಮಾವ, ಅಕ್ಕ ಹೆತ್ತಿದ್ದಾಳೆ."

ತಾರಾನಾಥ ತಲೆ ಎತ್ತದೆ ಎಡಗೈ ಅಡ್ಡ ಹಿಡಿದ. "ನನಗೆ ಎಂತದೂ ಕೇಳ್ಲಿಲ್ಲ."

"ಕೇಳದಿದ್ದರೆ ಇನ್ನೊಮ್ಮೆ ಹೇಳ್ತೇನೆ."

"ಹೇಳಿದರೆ ಹಲ್ಲು ಉದುರಿಸ್ತೇನೆ. ನೀನೂ ಕೇಳ್ಲಿಲ್ಲ. ಅರ್ಥ ಆಯ್ತಾ? ಗುರುವಾರ ಮಧ್ಯಾಹ್ನ ಊಟ ಆದ ಮೇಲೆ ನಮಗೆಲ್ಲ ಒಟ್ಟಿಗೆ ಕೇಳ್ತದೆ."

"ಹತ್ತು ದಿನ ಮುಂದೆ ಹಾಕಿದರೆ ಹೊಸ ಮನೆ ಓಡಿಹೋಗ್ತದಾ?"

"ಮುಹೂರ್ತ ಓಡಿಹೋಗ್ತದೆ. ಇದು ತಪ್ಪಿದರೆ ಮಳೆಗಾಲ ಮುಗಿಯುವವರೆಗೆ ಇಲ್ಲ ಅಂದಿದ್ದಾರೆ ಭಟ್ರು."

"ಅಕ್ಕ ಹೆರಿಗೆಗೆ ಇಲ್ಲಿಗೆ ಬರ್ತೇನೆ ಅಂದಾಗ ವಿಮಾನ ಒಳ್ಳೇದಲ್ಲ ಅಂದ್ರಲ್ಲ, ಅದೂ ಮುಹೂರ್ತಕ್ಕಾ?"

ಗುಲಾಬಿ ನಡುವೆ ಬಾಯಿ ಹಾಕಿದಳು. "ನನಗೆ ಅಮೆ ಇಲ್ಲ ಮಾರಾಯ್ತಿ, ನನ್ನ ಬಳಿ ಬೇರೆ. ನಿಮ್ಮ ಕುಟುಂಬದ ಮರ್ಯಾದೆಗೆ ಹೇಳುವುದು. ಮನೆಯ ಹೆಣ್ಣು ನೀನು, ದೀಪ ಹಿಡ್ಕೊಂಡು ಒಳಗೆ ಹೋಗುವವಳು ನೀನು. ಒಂದು ನಾಲ್ಕು ದಿನ ನಾಲಿಗೆಯನ್ನು ಬಾಯಿಯೊಳಗೆ ಇಟ್ಟುಕೊಂಡರೆ ಅದು ಕೊಳೆಯುವುದಿಲ್ಲ."

ಯಶ್ಮಿತಾಳಿಗೆ ಅಮೆಯ ಮೇಲೆ ಅಂಥ ನಂಬಿಕೆ ಏನೂ ಇರಲಿಲ್ಲ. ನಂಬದವಳಿಗೂ ನೆನಪು ಇರುತ್ತದಲ್ಲ. "ಒಂಬತ್ತನೇ ಕ್ಲಾಸಿನಲ್ಲಿ ನಾನು ಶಾರದಾ ಪೂಜೆಗೆ ಡ್ಯಾನ್ಸ್ ಕಲ್ತಿದ್ದೆ. ಮಲ್ಪೆಯಲ್ಲಿ ನಮ್ಮ ಬಳಿಯ ಯಾರೋ ಹೆತ್ತಳು ಅಂತ ನನ್ನ ಕಾಲಿನ ಗೆಜ್ಜೆ ಬಿಚ್ಚಿಸಿದ್ರಿ. ಆ ಹೆಂಗಸಿನ ಮುಖ ನಾನು ಇವತ್ತಿನವರೆಗೆ ನೋಡ್ಲಿಲ್ಲ. ಅವಳು ಹೆತ್ತದ್ದಕ್ಕೆ ನನಗೆ ಅಮೆ. ನನ್ನ ಅಕ್ಕ ಹೆತ್ತದ್ದಕ್ಕೆ ಇಲ್ಲ. ಅಮೆ ನಿಮ್ಮನ್ನು ಕೇಳಿ ಬರುವುದಾ ಮಾವ?"

ತಾರಾನಾಥ ತಟ್ಟೆ ದೂಡಿದ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನಿನಗೆ ಇಷ್ಟು ವರ್ಷ ಅನ್ನ ಹಾಕಿದ್ದು ಯಾರು?" ಎಂದು ಮೆಲ್ಲಗೆ ಕೇಳಿದ.

ಅನ್ನದ ಮಾತು ಎತ್ತಿದ ಮೇಲೆ ಯಾರ ಬಾಯಿಯಾದರೂ ಕಟ್ಟಿಹೋಗುತ್ತದೆ. ಎತ್ತುವವರಿಗೂ ಅದು ಗೊತ್ತಿರುತ್ತದೆ.

ಒಳಕೋಣೆಯಲ್ಲಿ ಅಜ್ಜಿ ಅಪ್ಪಿ ಇದ್ದಳು, ತಾರಾನಾಥನ ತಾಯಿ. ಮೊಣಗಂಟಿನಲ್ಲಿ ಬಲ ಇಲ್ಲದೆ ಹೊರಗೆ ಹೋಗುವುದು ನಿಂತಿತ್ತು. ಕಿವಿ ಮಾತ್ರ ಗಟ್ಟಿ. ಹೊಳೆಯಲ್ಲಿ ಹೋಗುವ ಬೋಟಿನ ಇಂಜಿನ್ ಕೇಳಿ ಅದು ಯಾರ ಬೋಟೆಂದು ಕುಳಿತಲ್ಲಿಂದಲೇ ಹೇಳುವವಳು. ತಿಂಗಳಿನಿಂದ ತನ್ನ ಹಳೆಯ ನೂಲಿನ ಸೀರೆಗಳನ್ನು ಹರಿದು, ಒಗೆಸಿ, ಕೂಸಿನ ಬಟ್ಟೆ ಮಡಚಿಡುತ್ತಿದ್ದಳು. ತಾರಾನಾಥ ತಾಯಿಗೂ ಹೇಳಿರಲಿಲ್ಲ. ಅವತ್ತು ಊಟದ ಮನೆಯ ಜಗಳ ಅವಳಿಗೆ ಕೇಳಿಸಿತೋ ಇಲ್ಲವೋ. ಗುಲಾಬಿ ಟಿವಿಯನ್ನು ಜೋರು ಮಾಡಿಯೇ ಬಡಿಸಲು ಬಂದಿದ್ದಳು.

"ಮೋಕ್ಷಾ ಹೆತ್ತಳಾ ಮಗಾ?"

ದಿನಾ ಸಾಯಂಕಾಲದ ಪ್ರಶ್ನೆ. ನಿನ್ನೆಯವರೆಗೆ ಇಲ್ಲ ಎಂದದ್ದು ನಿಜವಾಗಿತ್ತು, ಅಥವಾ ನಿಜ ಎಂದು ಅವಳು ತಿಳಿದುಕೊಂಡಿದ್ದಳು. ಇವತ್ತು ಇಲ್ಲ ಎಂದರೆ ಹಳದಿ ಬಟ್ಟೆಯೊಳಗಿನ ಆ ಮುಖವನ್ನು ಕೈಯಾರೆ ಅಳಿಸಿದ ಹಾಗೆ.

"ಆಗ್ತದೆ ಅಜ್ಜಿ" ಎಂದಳು ಯಶ್ಮಿತಾ. ಹೇಳಿ, ಬಚ್ಚಲಿಗೆ ಹೋಗಿ ಬಾಯಿ ತೊಳೆದಳು.

ಆಮೇಲಿನ ದಿನಗಳು ಹೇಗೆ ಹೋದವೆಂದರೆ, ಮಸ್ಕತ್‌ನಲ್ಲಿ ಅವಳು ಚಿಕ್ಕಮ್ಮ, ಬೆಂಗ್ರೆಯಲ್ಲಿ ಅಲ್ಲ. ಬೋಟಿನಲ್ಲಿ, ಬಸ್ಸಿನಲ್ಲಿ, ಬೇಕರಿಯ ಹಿಂದಿನ ಓಣಿಯಲ್ಲಿ ಕೂಸಿನ ಆಕಳಿಕೆ ನೋಡಿದಳು. ಮನೆಯ ಮೆಟ್ಟಿಲು ಹತ್ತುವಾಗ ಫೋನ್ ಬ್ಯಾಗಿಗೆ ಹೋಗುತ್ತಿತ್ತು, ಮುಖವೂ ಅದರ ಜೊತೆಗೆ. ಅಸೈನ್‌ಮೆಂಟು ಬರೆಯಲು ಕುಳಿತರೆ ಗುಲಾಬಿ ತೆಂಗಿನಕಾಯಿ ಲೆಕ್ಕ ಮಾಡಲು ಕರೆಯುತ್ತಿದ್ದಳು. ಲಾಡು ಬ್ಯಾಗಿನ ಅಡಿಯಲ್ಲಿ ಪುಡಿಯಾಯಿತು.

ಬುಧವಾರ ಮೋಕ್ಷಾ ಕೇಳಿದಳು, "ಅಜ್ಜಿಗೆ ತೋರಿಸಿದ್ಯಾ? ಮೂಗು ಯಾರ ಹಾಗೆ ಅಂದ್ರು?"

ಯಶ್ಮಿತಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಯಾರೂ ಒಂದು ಫೋನ್ ಮಾಡ್ಲಿಲ್ಲ ಯಶ್ಮಿ. ಅಜ್ಜಿ ಕೂಡ." ಆ ಕಡೆ ಮೋಕ್ಷಾ ಕೂಸನ್ನು ತಟ್ಟುವ ಶಬ್ದ ಕೇಳಿಸಿತು. "ಹೆಣ್ಣು ಅಂತ ಬೇಜಾರಾ ಅಲ್ಲಿ?"

ಹೆಣ್ಣು ಅಂತ ಬೇಜಾರಂತೆ! ಅಪ್ಪಿಗೆ ಇದ್ದದ್ದು ಒಬ್ಬಳೇ ಮಗಳು, ಅವಳು ಹೋದಳು. ಬಳಿಯಲ್ಲಿ ಅಪ್ಪಿಯ ಕವಲಿಗೆ ಉಳಿದ ಹೆಣ್ಣುಮಕ್ಕಳು ಇವರಿಬ್ಬರೇ. ತಾರಾನಾಥನ ಮಕ್ಕಳು ಗುಲಾಬಿಯ ಬಳಿಗೆ ಸೇರಿದವರು. ಈ ಕೂಸು ಬಂದ ಮೇಲೆ ಅಜ್ಜಿಯ ಬೇರು ಇನ್ನೊಂದು ತಲೆಗೆ ದಾಟಿತು. ಯಾರು ಬಂದರೆ ಕೊಳಗದಲ್ಲಿ ಸಕ್ಕರೆ ಹಂಚಬೇಕಿತ್ತೋ ಅವಳನ್ನೇ ಇವರು ಹುಟ್ಟಿಲ್ಲ ಎಂದು ಮಾಡಿದ್ದರು. ಅಲ್ಲಿ ಹಸಿ ಬಾಣಂತಿ, ತನ್ನ ಮಗು ಯಾರಿಗೂ ಬೇಡ ಎಂದುಕೊಂಡು ಗೋಡೆ ನೋಡುತ್ತಿದ್ದಾಳೆ.

"ನಾಳೆ ಹೇಳ್ತೇನೆ ಅಕ್ಕಾ" ಎಂದಳು. "ಮೂಗು ಯಾರ ಹಾಗೆ ಅಂತ ನಾಳೆ ಹೇಳ್ತೇನೆ."

ಗುರುವಾರ ಅಪ್ಪಿಯನ್ನು ಬೋಟಿನಲ್ಲಿ ದಾಟಿಸಿ, ರಿಕ್ಷಾದಲ್ಲಿ ಕೊಟ್ಟಾರಕ್ಕೆ ತಂದು, ಹೊಸ ಮನೆಯ ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂರಿಸಿದರು. ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಧಣಿಗಳ ಕಾರು ಗೇಟಿನ ಆಚೆಗೂ ಸಾಲು ನಿಂತಿತ್ತು. ತಾರಾನಾಥ ಜರಿಯ ಪಂಚೆ ಉಟ್ಟು ಭಟ್ಟರ ಪಕ್ಕ ನಿಂತಿದ್ದ. ಗುಲಾಬಿ ಹೊಸ ಸೀರೆಯ ಸೆರಗು ಸಾವರಿಸಿಕೊಳ್ಳುತ್ತ ಹಚ್ಚಿದ ದೀಪವನ್ನು ತಂದು ಯಶ್ಮಿತಾಳ ಮುಂದೆ ಚಾಚಿದಳು.

"ತೆಗೊ. ಬಲಗಾಲು ಮೊದಲು."

ಯಶ್ಮಿತಾ ಕೈ ನೀಡಲಿಲ್ಲ.

"ಎಂತ ನೋಡುವುದು? ಹಿಡಿ. ಗಾಳಿ ಉಂಟು."

"ಇನ್ನು ಎರಡೇ ಗಂಟೆ" ಎಂದು ತಾರಾನಾಥ ಹಲ್ಲಿನ ನಡುವಿನಿಂದ ಹೇಳಿದ. ಮುಖದಲ್ಲಿ ಅತಿಥಿಗಳಿಗೆ ಇಟ್ಟ ನಗು ಹಾಗೆಯೇ ಇತ್ತು. "ಕಾಲು ಹಿಡೀಬೇಕಾ ನಿಂದು?"

ಆಗ ಕುರ್ಚಿಯಿಂದ ಅಪ್ಪಿ, ಒಬ್ಬ ಮೊಮ್ಮಗಳು ದೀಪ ಹಿಡಿಯುವ ಹೊತ್ತಿಗೆ ಇನ್ನೊಬ್ಬಳ ನೆನಪಾಗಿ, ದಿನಾ ಕೇಳುವ ಹಾಗೆಯೇ ಕೇಳಿದಳು.

"ಮೋಕ್ಷಾ ಹೆತ್ತಳಾ ಮಗಾ?"

ಯಶ್ಮಿತಾ ದೀಪವನ್ನು ಗುಲಾಬಿಯ ಕೈಯಲ್ಲೇ ಬಿಟ್ಟು ಅಜ್ಜಿಯ ಹತ್ತಿರ ಹೋದಳು. ತಾರಾನಾಥ "ಏಯ್" ಎಂದ. ಅವಳು ಕುರ್ಚಿಯ ಪಕ್ಕ ಮೊಣಕಾಲೂರಿ, ಅಷ್ಟು ಹತ್ತಿರ ಇದ್ದ ಭಟ್ಟರಿಗೂ ಕೇಳದ ಹಾಗೆ ಅಜ್ಜಿಯ ಕಿವಿಯಲ್ಲಿ ಹೇಳಿದಳು.

"ಹೆತ್ತಿದ್ದಾಳೆ ಅಜ್ಜಿ. ಹೆಣ್ಣು. ವಾರ ಆಯ್ತು. ಮಾವನಿಗೆ ಗೊತ್ತುಂಟು."

ಅಪ್ಪಿಯ ಬೆರಳುಗಳು ಮೊಮ್ಮಗಳ ಮಣಿಕಟ್ಟನ್ನು ಹಿಡಿದವು. ಬಳೆ ಒತ್ತಿ ನೋವಾಗುವಷ್ಟು ಬಿಗಿಯಾಗಿ ಹಿಡಿದವು. ಅವಳು ಗುಲಾಬಿಯ ಕೈಯಲ್ಲಿ ಉರಿಯುತ್ತಿದ್ದ ದೀಪವನ್ನು ನೋಡಿದಳು. ಜರಿ ಪಂಚೆಯ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ನಗು ಅಲ್ಲಿಯೇ ಒಣಗಿತು. ಆಮೇಲೆ, ಹೊಳೆಯ ಬೋಟುಗಳನ್ನು ಇಂಜಿನ್ ಶಬ್ದದಲ್ಲೇ ಗುರುತು ಹಿಡಿಯುತ್ತಿದ್ದ ಆ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು.

"ನನಗೆ ಎಂತದೂ ಕೇಳ್ಲಿಲ್ಲ ಮಗಾ" ಎಂದಳು. "ಎದ್ದು ನಿಂತು ಹೇಳು. ಗೇಟಿನ ಹತ್ತಿರ ಇದ್ದವರಿಗೂ ಕೇಳ್ಬೇಕು, ಹಾಗೆ ಹೇಳು."