ರೋಹಿಣಿ ನಡೆಯದ ಏಳು ಕಿಲೋಮೀಟರು

ಕಿರವತ್ತಿಯ ರೋಹಿಣಿ ಓದಿದ ಶಾಲೆ ಎಲ್ಲಿತ್ತು ಅಂತ ಕೇಳಿದರೆ ನಗು ಬರುತ್ತದೆ. ಅವರ ಮನೆಯ ಹಿತ್ತಿಲ ಬಾಗಿಲು ತೆಗೆದರೆ ಎದುರಿಗೇ ಶಾಲೆಯ ಕಂಪೌಂಡು. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ತಲೆ ಬಾಚಲು ಕೂತರೂ ಎರಡನೇ ಸಾಲು ಮುಗಿಯುವಷ್ಟರಲ್ಲಿ ಹೋಗಿ ನಿಲ್ಲಬಹುದಿತ್ತು. ಹೈಸ್ಕೂಲು ಹೆದ್ದಾರಿ ದಾಟಿದರೆ ಬಂತು. ಪಿಯುಸಿಗೆ ಯಲ್ಲಾಪುರದ ಬಸ್ಸಿತ್ತು, ಪಾಸಿತ್ತು, ಕಿಟಕಿ ಪಕ್ಕದ ಸೀಟಿಗಾಗಿ ದಿನಾ ಜಗಳವೂ ಇತ್ತು. ಒಟ್ಟಿನಲ್ಲಿ ಈ ಹುಡುಗಿ ಹುಟ್ಟಿದಾಗಿನಿಂದ ಕಾಡಿನೊಳಗೆ ಒಂದು ಕಿಲೋಮೀಟರು ನೆಟ್ಟಗೆ ನಡೆದವಳಲ್ಲ.

ಹೀಗಿರುವಾಗ ಪುಣೆಯಿಂದಾಚೆ ಗುಡ್ಡದ ಮೇಲಿರುವ ಒಂದು ಭಾರೀ ವಿಶ್ವವಿದ್ಯಾಲಯ, ವರ್ಷಕ್ಕೆ ಹನ್ನೆರಡು ಲಕ್ಷ ಕೊಟ್ಟು ಮಕ್ಕಳನ್ನು ಓದಿಸುವವರ ವಿಶ್ವವಿದ್ಯಾಲಯ, ತನ್ನ ಹೊಳೆಯುವ ಪುಸ್ತಿಕೆಯಲ್ಲಿ ರೋಹಿಣಿಯ ಫೋಟೊ ಹಾಕಿ ಕೆಳಗೆ ಹೀಗೆ ಅಚ್ಚು ಹಾಕಿಸಿತ್ತು: ದಿನವೂ ಏಳು ಕಿಲೋಮೀಟರು ಕಾಡುದಾರಿ ನಡೆದು, ಮರದ ದಿಮ್ಮಿಯ ಸಂಕದ ಮೇಲೆ ಹಳ್ಳ ದಾಟಿ ಶಾಲೆಗೆ ಹೋದ ಹುಡುಗಿ.

ಅಚ್ಚು ಹಾಕಿಸಿದವರ ತಪ್ಪೇನೂ ಇಲ್ಲ ಬಿಡಿ. ಬರೆದುಕೊಟ್ಟವಳು ಅವಳೇ.

ಆದದ್ದಿಷ್ಟು. ಯಲ್ಲಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಪ್ರತಿಭಾ ಮೇಡಂ ಇವಳ ಮಾರ್ಕ್ಸು ನೋಡಿ, "ಅಲ್ಲಿ ಪೂರ್ತಿ ಉಚಿತವಾಗಿ ಓದಿಸುವ ಸೀಟು ನಾಲ್ಕೈದು ಇರ್ತಾವೆ, ಅರ್ಜಿ ಹಾಕು" ಅಂದರು. ಅರ್ಜಿಯ ಜೊತೆ ಒಂದು ಪ್ರಬಂಧ ಬೇಕಿತ್ತು: ನಿಮ್ಮ ಬದುಕಿನಲ್ಲಿ ನೀವು ಗೆದ್ದ ಒಂದು ಕಷ್ಟ. ರೋಹಿಣಿ ಎರಡು ದಿನ ಪೆನ್ನು ಕಚ್ಚುತ್ತಾ ಕೂತಳು. ಅಪ್ಪ ತಿಮ್ಮ ನಾಟಾ ಡಿಪೋದಲ್ಲಿ ದಿಮ್ಮಿ ಹೇರುತ್ತಾನೆ. ಅವ್ವ ಹೊನ್ನಿ ಹೆದ್ದಾರಿಯ ಢಾಬಾದಲ್ಲಿ ರೊಟ್ಟಿ ಬಡಿಯುತ್ತಾಳೆ. ಬಡತನ ಇತ್ತು, ಆದರೆ ಅವರ ಓಣಿಯಲ್ಲಿ ಅದು ಎಲ್ಲರಿಗೂ ಇತ್ತು, ಅದರಲ್ಲಿ ಬರೆಯುವಂಥದ್ದು ಏನಿದೆ ಅಂತ ಹುಡುಗಿಗೆ ಹೊಳೆಯಲಿಲ್ಲ. ಗೆದ್ದ ಕಷ್ಟವಂತೂ ಒಂದೂ ಸಿಗಲಿಲ್ಲ.

ಸಿಕ್ಕಿದ್ದು ಅವ್ವನ ಕಥೆ. ಹೊನ್ನಿಯ ತೌರು ಮಾಗೋಡಿನ ಆಚೆ, ನಾಲ್ಕೇ ನಾಲ್ಕು ಮನೆಯ ಕೇರಿ. ಅಲ್ಲಿಂದ ಶಾಲೆಗೆ ಏಳು ಕಿಲೋಮೀಟರು ಕಾಡು, ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಸಂಕ. ನಾಲ್ಕನೇ ಇಯತ್ತೆಯಲ್ಲಿ ಹೊನ್ನಿ ಆ ಸಂಕದಿಂದ ಬಿದ್ದು, ಬರೆಯುವ ಪಾಟಿ ನೀರುಪಾಲಾಗಿ, ನೇರಳೆ ಮರದ ಬೇರು ಹಿಡಿದು ಬದುಕಿದ್ದಳು. ಅಷ್ಟಾದರೂ ಶಾಲೆ ಬಿಡಲಿಲ್ಲ. ಬಿಟ್ಟದ್ದು ಏಳರಲ್ಲಿ, ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ. ಬಾಣಂತಿ ತಾಯಿ ಹಾಸಿಗೆ ಹಿಡಿದಳು, ಹಸುಗೂಸು ತಮ್ಮನನ್ನು ನೋಡಿಕೊಳ್ಳುವವರಿರಲಿಲ್ಲ. ಉಣ್ಣಲು ಹಟ ಮಾಡುವ ಮಗಳಿಗೆ ಹೊನ್ನಿ ಇದನ್ನು ನೂರು ಸಲ ಹೇಳಿದ್ದಳು.

ರೋಹಿಣಿ 'ಅವ್ವ' ಅಂತ ಇರಬೇಕಾದಲ್ಲಿ 'ನಾನು' ಅಂತ ಬರೆದಳು. ಅಷ್ಟೇ ಮಾಡಿದ್ದು. ಸೀಟು ಸಿಕ್ಕಿತು. ಸೀಟಿನ ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ, ಅರ್ಜಿಯಲ್ಲಿ ಬರೆದ ಯಾವ ಸಂಗತಿ ಸುಳ್ಳೆಂದು ಕಂಡರೂ ಸೀಟು ರದ್ದು, ಅಲ್ಲಿಯವರೆಗಿನ ಫೀ ಅಷ್ಟೂ ವಾಪಸು ಕಟ್ಟಬೇಕು ಅಂತಿತ್ತು. ಅದರ ಕೆಳಗೆ ರೋಹಿಣಿ ರುಜು ಹಾಕಿದಳು, ತಿಮ್ಮ ಹೆಬ್ಬೆಟ್ಟು ಒತ್ತಿದ. 

ಅಲ್ಲಿನ ಓದು ಏನು ಸಾಮಾನ್ಯವೇ? ಪ್ರೊಫೆಸರನ್ನು ಹೆಸರು ಹಿಡಿದು ಕರೆಯಬೇಕು. ರೋಹಿಣಿ ನಾಲಿಗೆ ಏಳದೆ ಗೇಟಿನ ಕಾವಲುಗಾರನಿಂದ ಕುಲಪತಿಯವರೆಗೆ ಎಲ್ಲರಿಗೂ ಸರ್ ಅಂದಳು. ಬಟ್ಟೆ ಒಗೆಯಲು ಫೋನಿನಲ್ಲಿ ಸರದಿ ಹಿಡಿಯಬೇಕು. ಊಟದ ಮನೆಯಲ್ಲಿ ಎಲೆಗಳಿಗೇ ಒಂದು ಮೇಜು, ಜನ ತಟ್ಟೆ ತುಂಬ ಹಸಿ ಎಲೆ ಬಡಿಸಿಕೊಂಡು ದುಡ್ಡು ಕೊಟ್ಟು ಮೇಯುತ್ತಾರೆ. ರೂಮಿನಲ್ಲಿದ್ದ ಮುಂಬೈ ಹುಡುಗಿ ಒಳ್ಳೆಯವಳೇ, ಆದರೆ ರಜೆಗೆ ಎಲ್ಲಿಗೆ ಹೋಗಿದ್ದೆ ಅಂದರೆ ದೇಶದ ಹೆಸರು ಹೇಳುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ರೋಹಿಣಿಗೆ ಸಿ ಬಂತು. ಹುಟ್ಟಿದಾಗಿನಿಂದ ಮೊದಲ ನಂಬರು ಬಿಟ್ಟು ಬೇರೆ ಕಂಡವಳಲ್ಲ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಇದೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಆ ಪ್ರಬಂಧ. ಬರವಣಿಗೆ ಕಲಿಸುವ ಪ್ರೊಫೆಸರು ಅದನ್ನು ಮೊದಲ ವಾರವೇ ತರಗತಿಯಲ್ಲಿ ಗಟ್ಟಿಯಾಗಿ ಓದಿ, ನಿಜವಾಗಿ ಬದುಕಿದವರ ಬರವಣಿಗೆ ಹೀಗಿರುತ್ತದೆ ಅಂದರು. ಚಿರತೆ ಕಂಡಿದ್ದೆಯಾ ಅಂತ ಯಾರೋ ಕೇಳಿದರು, ಇವಳು ಹೂಂ ಅಂದುಬಿಟ್ಟಳು. ಮತ್ತೇನು, ಚಾರಣ ಸಂಘದವರು ಬಂದು ಸರ್ವಾನುಮತದಿಂದ ಇವಳನ್ನೇ ನಾಯಕಿ ಮಾಡಿದರು. ಪ್ರತಿ ಭಾನುವಾರ ಹಿಂಡನ್ನು ಕಟ್ಟಿಕೊಂಡು ಗುಡ್ಡ ಹತ್ತಿ, ಸೋಮವಾರ ಬೊಬ್ಬೆ ಎದ್ದ ಕಾಲನ್ನು ಬಕೆಟ್ಟಿನ ನೀರಲ್ಲಿ ಇಟ್ಟುಕೊಂಡು ಕೂರುವುದು ಅವಳ ಹಣೆಬರಹವಾಯಿತು. ಯಾರಾದರೂ ಹಿಂದಿನಿಂದ ಹೆಸರು ಕರೆದರೆ, ಗೊತ್ತಾಗಿ ಹೋಯಿತು ಅಂತಲೇ ತಿರುಗುತ್ತಿದ್ದಳು.

ಎರಡನೇ ವರ್ಷದ ಡಿಸೆಂಬರ್ ರಜೆಗೆ ಮೊದಲು ಪ್ರಚಾರ ವಿಭಾಗದ ಸುಜಯನ ಮೇಲ್ ಬಂತು. ದಾನಿಗಳಿಗೆ ತೋರಿಸಲು ಆರು ನಿಮಿಷದ ಚಿತ್ರ ತೆಗೆಯಬೇಕು, ನೀನು ರಜೆಯಲ್ಲಿ ಊರಲ್ಲಿರುವಾಗ ಬರುತ್ತೇವೆ, ಆ ದಾರಿ, ಆ ಸಂಕ, ನಿನ್ನ ತಾಯಿ, ಇಷ್ಟು ಸಾಕು.

ರೋಹಿಣಿ ಎರಡು ರಾತ್ರಿ ಆ ಮೇಲಿನ ಮುಂದೆ ಕೂತಳು. ಬೇಡ ಅನ್ನಲು ಕಾರಣ ಹುಡುಕಿದಳು, ಜ್ವರ, ಮದುವೆ, ಯಾರದೋ ಸಾವು. ಯಾವುದನ್ನು ಹೇಳಿದರೂ ಸಂಶಯ ಬರುತ್ತದೆ ಅನ್ನಿಸಿತು. ಕೊನೆಗೆ, ಆಗ ನಾವು ಅಜ್ಜಿಯ ಮನೆಯಲ್ಲಿದ್ದೆವು, ಆ ದಾರಿ ಇರುವುದು ಮಾಗೋಡಿನ ಕಡೆ ಅಂತ ಇನ್ನೊಂದು ಸುಳ್ಳು ಬರೆದು ಕಳಿಸಿದಳು. ಆಮೇಲೆ ನೆನಪಾಯಿತು, ಆ ದಾರಿ ಎಲ್ಲಿಂದ ಶುರುವಾಗುತ್ತದೆ ಅಂತಲೂ ತನಗೆ ಗೊತ್ತಿಲ್ಲ. ಎರಡು ವರ್ಷದಿಂದ ತನ್ನದೆಂದು ಹೇಳಿಕೊಂಡ ದಾರಿಯನ್ನು ಈಗ ಅವ್ವನನ್ನೇ ಕೇಳಬೇಕು.

ಊರಿಗೆ ಬಂದ ಮರುದಿನ ಢಾಬಾದ ಒಲೆಯ ಮುಂದೆ ನಿಂತು ಕೇಳಿದಳು. "ಅವ್ವಾ, ನಿನ್ನ ತೌರಿನ ಕಡೆ ಆ ಸಂಕ ಇನ್ನೂ ಐತೇನ?"

"ಐತಲ್ಲ. ಮಳಿಗಾಲ ಮುಗಿದ ಮ್ಯಾಲೆ ನಿನ್ನ ಸೋದರಮಾವ ಹೊಸಾ ದಿಮ್ಮಿ ಹಾಕ್ತಾನ. ಯಾಕ?"

"ನಮ್ಮ ಕಾಲೇಜಿನವರು ಬರ್ತಾರ. ಕಾಡಿನ ಸಿನಿಮಾ ತೆಗೀತಾರಂತ. ದಾರಿ ತೋರಸ್ತಿ?"

ಹೊನ್ನಿ ಹಿಟ್ಟಿನ ಕೈ ಹಾಗೇ ನಿಲ್ಲಿಸಿದಳು. "ನಾ ಸಾಲಿಗೆ ಹೋಗ್ತಿದ್ದ ದಾರೀದಾ?" ಅಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಮಗಳು ಈಚೆಗೆ ನೋಡಿರಲಿಲ್ಲ. ಢಾಬಾದ ಮಾಲೀಕ ಅಂದಾನಪ್ಪನಿಗೆ ಹೇಳಿ ಒಂದು ದಿನ ರಜೆ ತಗೊಂಡಳು, ಟ್ರಂಕಿನಲ್ಲಿದ್ದ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ರೋಹಿಣಿ ಬಾಯಿ ಬಿಡಲಿಲ್ಲ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಮೂರು ದಿನ ತಳ್ಳಿದಳು.

ಅವಳ ಲೆಕ್ಕ ಇಷ್ಟೇ: ಸುಜಯನಿಗೆ ಕನ್ನಡ ಬಾರದು, ಅವ್ವನಿಗೆ ಇಂಗ್ಲಿಷ್ ಬಾರದು, ನಡುವೆ ಮಾತು ದಾಟಿಸುವವಳು ತಾನು. ಬೇಕಾದ್ದು ದಾಟಿಸುವುದು, ಬೇಡದ್ದು ಬಿಡುವುದು.

ಸುಜಯ ಮೂವತ್ತರ ಆಸುಪಾಸಿನ ಮೆದು ಮಾತಿನ ಮನುಷ್ಯ. ಇಳಿದವನೇ ಹೊನ್ನಿಯ ಕಾಲು ಮುಟ್ಟಿದ. ದುಷ್ಟನಾಗಿದ್ದರೆ ಒಳ್ಳೆಯದಿತ್ತು ಅನ್ನಿಸಿತು ರೋಹಿಣಿಗೆ. ಜೊತೆಗೊಬ್ಬ ಕ್ಯಾಮೆರಾದವನಿದ್ದ. ಕಾರಿನಲ್ಲಿ ಯಲ್ಲಾಪುರ ದಾಟಿ ಮಾಗೋಡಿನ ತಿರುವು ಹಿಡಿದ ಮೇಲೆ ಹೊನ್ನಿ ಮುಂದಿನ ಸೀಟಿನಲ್ಲಿ ಕೂತು ಒಂದೊಂದೇ ಕಡೆ ಕೈ ತೋರಿಸುತ್ತ ಬಂದಳು. "ಇಲ್ಲಿ ನಾ ಮತ್ತ ನನ್ನ ಗೆಳತಿ ನೆಲ್ಲಿಕಾಯಿ ಆರಸ್ತಿದ್ವಿ." ಏನಂದರು ಅಂತ ಸುಜಯ ಕೇಳಿದಾಗ ರೋಹಿಣಿ, "ಇಲ್ಲಿ ನೆಲ್ಲಿಕಾಯಿ ಸಿಗ್ತಾವಂತೆ" ಅಂದಳು. 

ಕಾರು ನಿಲ್ಲಿಸಿ ಒಳಗೆ ನಡೆದರು. ಸೀರೆ ಮೇಲೆತ್ತಿ ಸಿಕ್ಕಿಸಿ ಹೊನ್ನಿ ಸರಸರ ಮುಂದೆ ಹೋದಳು, ನಲವತ್ತೆರಡರ ಹೆಂಗಸು ಅಂತ ಯಾರೂ ಅನ್ನಲಾರರು. ರೋಹಿಣಿ ಎರಡು ಸಲ ಎಡವಿದಳು. ಹಳ್ಳ ಬಂತು. ಎರಡು ದಿಮ್ಮಿ ಜೋಡಿಸಿ ಬಳ್ಳಿಯಿಂದ ಬಿಗಿದ ಸಂಕ, ಕೆಳಗೆ ಮೊಣಕಾಲು ನೀರು, ಕಲ್ಲು. ಸುಜಯ ಬಗ್ಗಿ ದಿಮ್ಮಿಯನ್ನು ಮುಟ್ಟಿ ನೋಡಿದ. ನಿಜಕ್ಕೂ ಅವನ ಮನಸ್ಸು ತುಂಬಿ ಬಂದಿತ್ತು. ಆಮೇಲೆ ಹೊನ್ನಿಯ ಕಡೆ ತಿರುಗಿ, ಇಂಗ್ಲಿಷ್ ಬಿಟ್ಟು ಹಿಂದಿಯಲ್ಲಿ ನಿಧಾನವಾಗಿ ಕೇಳಿದ, "ಅಮ್ಮಾ, ಅಷ್ಟು ಚಿಕ್ಕ ಮಗಳು ಇದರ ಮೇಲೆ ಒಬ್ಬಳೇ ದಾಟಿ ಶಾಲೆಗೆ ಹೋಗುವಾಗ ನಿಮಗೆ ಹೆದರಿಕೆ ಆಗುತ್ತಿರಲಿಲ್ಲವಾ?"

ರೋಹಿಣಿ ತಡಮಾಡದೆ ನಡುವೆ ಬಿದ್ದಳು. "ಅವ್ವಾ, ಮಳಿಗಾಲದಾಗ ನೀರು ಎಷ್ಟು ಬರ್ತಾವು ಅಂತ ಕೇಳ್ತಾರ."

ಹೊನ್ನಿ ಮಗಳ ಮುಖ ನೋಡಿದಳು.  ಹದಿನಾಲ್ಕು ವರ್ಷ ಹೆದ್ದಾರಿಯ ಢಾಬಾದಲ್ಲಿ ಲಾರಿ ಡ್ರೈವರುಗಳ ನಡುವೆ ರೊಟ್ಟಿ ಬಡಿದವಳಿಗೆ ಹಿಂದಿ ಬಾರದೆ ಇರುತ್ತದೆಯೇ? ಪಂಜಾಬಿನವನ ಮಗಳ ಮದುವೆ, ಬಿಹಾರದವನ ತಾಯಿಯ ಕಾಯಿಲೆ, ಎಲ್ಲ ಕೇಳಿಸಿಕೊಂಡು ಸಮಾಧಾನ ಹೇಳಿ ಕಳಿಸಿದ ಹೆಂಗಸು ಅವಳು. ಎಷ್ಟು ರೊಟ್ಟಿ ಅನ್ನುವಷ್ಟು ಮಾತ್ರ ಬರುತ್ತದೆ ಅಂದುಕೊಂಡಿದ್ದಳು ಕಲಿತ ಮಗಳು.

ಹೊನ್ನಿ ಹಿಂದಿಯಲ್ಲೇ ಉತ್ತರ ಕೊಟ್ಟಳು. 

"ಹೆದರಿಕೆ ಇತ್ತು ಸಾಹೇಬ್ರ. ಮಳೆಗಾಲದಲ್ಲಿ ನೀರು ಈ ದಿಮ್ಮಿ ಮುಟ್ಟುತ್ತದೆ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಬಿದ್ದಳು. ಪಾಟಿ ಹೋಯಿತು. ಅಗೋ ಆ ನೇರಳೆ ಬೇರು ಹಿಡಿದುಕೊಂಡು ಉಳಿದಳು. ಮೈಯೆಲ್ಲ ತರಚಿತ್ತು. ಆದರೂ ಮರುದಿನ ಹೋದಳು. ಏಳನೇ ಇಯತ್ತೆಗೆ ಬಂದಳು. ಪರೀಕ್ಷೆಗೆ ಇಪ್ಪತ್ತು ದಿನ ಇತ್ತು..."

ಅಲ್ಲಿ ಹೊನ್ನಿ ನಿಂತಳು. ಕ್ಯಾಮೆರಾದವನು ಕಣ್ಣು ತೆಗೆಯದೆ ಕಾಯುತ್ತಿದ್ದ.  ಈಗ ಅವ್ವ ಮುಂದಿನ ಒಂದು ಮಾತು ಹೇಳಿದರೆ ಎಲ್ಲ ಮುಗಿಯಿತು.

"ಪರೀಕ್ಷೆ ಬರೆದಳು," ಅಂದಳು ಹೊನ್ನಿ. "ಪಾಸಾದಳು. ಮುಂದೆ ಓದಿದಳು."

ಸುಜಯ ಕಣ್ಣೊರೆಸಿಕೊಂಡ. ಅದ್ಭುತ ಅಂತ ಇಂಗ್ಲಿಷಿನಲ್ಲಿ ಎರಡು ಸಲ ಅಂದ. ಈಗ ರೋಹಿಣಿ ಸಂಕ ದಾಟುವುದನ್ನು ತೆಗೆಯೋಣ, ಅವಳು ಒಬ್ಬಳೇ ಬರಬೇಕು ಅಂದ. ಹೊನ್ನಿ ಸಂಕದ ಬುಡದಲ್ಲಿ ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು. ತನ್ನನ್ನೂ ತೆಗೆಯುತ್ತಾರೆ ಅಂದುಕೊಂಡಿದ್ದಳು, ಪಾಪ. ಹಿರಿಯಳನ್ನು ಪಕ್ಕಕ್ಕೆ ಸರಿಯಿರಿ ಅನ್ನಲು ಸುಜಯನಿಗೆ ಸಂಕೋಚ. ಮೆಲ್ಲಗೆ ರೋಹಿಣಿಗೆ ಹೇಳಿದ, "ನಿನ್ನ ತಾಯಿ ಅಡ್ಡ ಬರ್ತಿದ್ದಾರೆ. ಸ್ವಲ್ಪ ಆಚೆ ನಿಲ್ಲೋಕೆ ಹೇಳ್ತೀಯಾ?"

ಅದನ್ನು ಮಾತ್ರ ರೋಹಿಣಿ ಒಂದಕ್ಷರ ಬಿಡದೆ ದಾಟಿಸಿದಳು. "ಅವ್ವಾ, ನೀ ಅಡ್ಡ ಬರ್ತಿಯಂತ. ಆಚೆ ಸರಿ."

ಹೊನ್ನಿ ಸರಿದಳು. ರೋಹಿಣಿ ಮೊದಲ ಸಲ ಆ ಸಂಕದ ಮೇಲೆ ಕಾಲಿಟ್ಟಳು. ಕಾಲು ಗಡಗಡ ನಡುಗಿತು. ಆ ನಡುಕವೇ ಚೆನ್ನಾಗಿದೆ ಅಂದ ಕ್ಯಾಮೆರಾದವನು.

ಮರಳುವಾಗ ಹೊನ್ನಿ ಹಿಂದಿನ ಸೀಟಿನಲ್ಲಿ ಕೂತಳು, ಕೈ ತೋರಿಸಲಿಲ್ಲ. ಮನೆಯಲ್ಲಿ ಮಗಳು ಬೈಗುಳಕ್ಕೆ ಕಾದಳು, ಒಂದು ಏಟಿಗಾದರೂ ಕಾದಳು. ಹೊನ್ನಿ ಸೀರೆ ಮಡಿಸಿ ಟ್ರಂಕಿಗೆ ಹಾಕಿ, "ಉಣ್ಣ ಬಾ" ಅಂದಳು. ರಜೆ ಮುಗಿಯುವವರೆಗೆ ಆ ಮಾತು ಎತ್ತಲಿಲ್ಲ.

ಫೆಬ್ರುವರಿಯಲ್ಲಿ ಚಿತ್ರ ಬಂತು, ಇಂಟರ್ನೆಟ್ಟಿಗೂ ಹಾಕಿದರು. ದಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಓದು ಮುಗಿಯುವವರೆಗೂ ಸೀಟು ಖಾಯಂ ಅಂತ ರೋಹಿಣಿಗೆ ಪತ್ರ ಕೊಟ್ಟರು. ಅವಳು ಅದನ್ನು ಹೇಳಲು ಅವ್ವನಿಗೆ ಫೋನು ಮಾಡಿದಳು. ಹಿಂದಿನಿಂದ ಲಾರಿಯ ಹಾರ್ನು, ಜನರ ಮಾತು ಕೇಳುತ್ತಿತ್ತು.

"ನೋಡೀನವಾ," ಅಂದಳು ಹೊನ್ನಿ. "ಅಂದಾನಪ್ಪ ಇಲ್ಲಿ ದೊಡ್ಡ ಟಿವಿಗೆ ಹಾಕ್ಯಾನ. ಬಂದವರೆಲ್ಲ ನೋಡ್ತಾರ. ನನ್ನ ಮಗಳು ನಡೆದ ದಾರಿ ಅಂತ ಹೇಳ್ತೀನಿ. ನೀ ನಾಕನೇ ಇಯತ್ತೆದಾಗ ಬಿದ್ದಿದ್ದು, ಬೇರು ಹಿಡದಿದ್ದು, ಎಲ್ಲಾ ಹೇಳ್ತೀನಿ."

"ಅವ್ವಾ, ಬಿದ್ದಾಕಿ ನೀನು."

"ಹೌದು ಖರೆ. ಈಗ ಹೇಳಿ ಹೇಳಿ ನಂಗೂ ನೀನ ಬಿದ್ದಂಗ ಕಾಣ್ತೈತಿ." ಹೊನ್ನಿ ಸ್ವಲ್ಪ ನಕ್ಕಳು. "ಸೀಟು ಗಟ್ಟಿ ಆತಲ್ಲ? ಮತ್ತ ಯಾಕ ಅಳ್ತಿ?"

"ನಿನ್ನ ದಾರ್‍ಯಾಗ ನಿಂತು ನಿನಗ ಆಚೆ ಸರಿ ಅಂದೆ ಅವ್ವಾ," ಅಂದಳು ರೋಹಿಣಿ.

ಆ ಕಡೆ ಹೊನ್ನಿ, ಟಿವಿ ಸಣ್ಣ ಮಾಡರಿ ಅಂತ ಯಾರಿಗೋ ಅಂದಳು. ಫೋನು ಇಡಲಿಲ್ಲ.