ಬಾಣಂತಿಗೆ ಬಿತ್ತಿದ ಸಬ್ಬಸಿಗೆ ಸೊಪ್ಪು

ನನ್ನ ಮಗಳು ಎರಡನೆಯ ಸಲ ಹೆತ್ತಾಗ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದವನು ನಾನು. ಹೌದು, ನಾನೇ, ಮೀಸೆಯಿರುವ ತಾತ. ಹೆಂಡತಿಗೆ ಮಂಡಿ ಆಪರೇಷನ್ ಆಗಿ ತಿಂಗಳೂ ಆಗಿರಲಿಲ್ಲ, ವಿಮಾನ ಹತ್ತಕೂಡದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಳಿಯನಿಗೆ ತಾಯಿಯಿಲ್ಲ. ಟಿಕೆಟ್ಟು ನನ್ನ ಹೆಸರಿಗೆ ಬಂತು.

ಮೈಸೂರಿನಲ್ಲಿ ನಮ್ಮ ಕಡೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ನನ್ನ ತಂಗಿಯಂತೂ, “ಅಣ್ಣ, ಬಾಣಂತಿಗೆ ಸೊಂಟಕ್ಕೆ ಬಟ್ಟೆ ಕಟ್ಟೋದು ಅಂದ್ರೆ ಸೊಪ್ಪಿನ ಕಟ್ಟು ಕಟ್ಟಿದ ಹಾಗಲ್ಲ ಕಣೋ” ಎಂದಳು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಾರ್ಕೆಟ್ಟಿನಲ್ಲಿ ಸೊಪ್ಪಿನ ಮುಂದೆ ಕೂತವನು. ನಲವತ್ತು ವರ್ಷ ಎದ್ದಿರಲಿಲ್ಲ.

ಹೋಗಿ ನೋಡಿದರೆ ಅಲ್ಲಿ ನನಗೆ ಕೆಲಸವೇ ಇಲ್ಲ. ಮಗುವಿಗೆ ನೀರು ಹಾಕುವುದನ್ನು ಅಳಿಯ ಫೋನಿನಲ್ಲಿ ನೋಡಿ ಕಲಿತಿದ್ದ. ಬಟ್ಟೆಗೆ ಮೆಷಿನ್ನು, ಪಾತ್ರೆಗೆ ಮೆಷಿನ್ನು. ಡೈಪರಿನ ಚೀಲ ಹೊರಗಿಡುವುದೊಂದು ನನ್ನ ಪಾಲಿಗೆ ಉಳಿಯಿತು. ಆದರೂ ಸಂತೋಷಕ್ಕೇನು ಕಮ್ಮಿ? ಮೊಮ್ಮಗ ಆಕಳಿಸಿದರೆ ನನಗೆ ಹಬ್ಬ. ಸೀನಿದರೆ ಮೈಸೂರಿಗೆ ಫೋನು.

ಫೋನಿನಲ್ಲಿ ಹೆಂಡತಿಯದು ಒಂದೇ ಮಾತು. “ರೀ, ಬಾಣಂತಿಗೆ ಸಬ್ಬಸಿಗೆ ಸೊಪ್ಪು ಬೀಳಬೇಕು. ಹಾಲು ಚೆನ್ನಾಗಿ ಬರತ್ತೆ, ಮಗೂಗೆ ಹೊಟ್ಟೆ ಉಬ್ಬರಿಸಲ್ಲ. ಅಷ್ಟನ್ನಾದ್ರೂ ಮಾಡಿ.”

ಅಳಿಯ ಅಂಗಡಿಯಿಂದ ತಂದ. ಪ್ಲಾಸ್ಟಿಕ್ ಡಬ್ಬಿಯೊಳಗೆ ಏಳೆಂಟು ಕಡ್ಡಿ ಒಂದರ ಪಕ್ಕ ಒಂದು ಮಲಗಿದ್ದವು. ಮೂಸಿದೆ. ಫ್ರಿಜ್ಜಿನ ವಾಸನೆ. ಮಗಳು ಎರಡು ತುತ್ತು ತಿಂದು ತಟ್ಟೆ ತಳ್ಳಿದಳು. “ಅಪ್ಪ, ಇದು ಹುಲ್ಲು. ನೀವು ರಾತ್ರಿ ಚೀಲದ ತಳದಲ್ಲಿ ಉಳಿದಿದ್ದು ತರ್ತಿದ್ರಲ್ಲ, ಅದಕ್ಕೆ ಬೀದಿಯೆಲ್ಲ ಘಮ ಅನ್ನೋದು.”

ಅಂದೇ ನಿಶ್ಚಯ ಮಾಡಿದೆ. ನನ್ನ ಕೈಯಾರೆ ಬೆಳೆದ ಸಬ್ಬಸಿಗೆ ಒಂದು ಹೊತ್ತಾದರೂ ನನ್ನ ಮಗಳ ತಟ್ಟೆಗೆ ಬೀಳಬೇಕು. ಇಲ್ಲದಿದ್ದರೆ ನಾನು ಸಮುದ್ರ ದಾಟಿ ಬಂದದ್ದು ಡೈಪರಿನ ಚೀಲ ಹೊರಲಿಕ್ಕೆ ಎಂದಾಗುತ್ತಿತ್ತು.

ಇಲ್ಲೊಂದು ಗುಟ್ಟು ಹೇಳಬೇಕು. ನಲವತ್ತು ವರ್ಷ ಸೊಪ್ಪು ಮಾರಿದ ನಾನು ಒಂದು ಕಡ್ಡಿ ಸೊಪ್ಪನ್ನೂ ಬೆಳೆದವನಲ್ಲ. ಬೆಳೆಯುವವರು ತಂದು ಹಾಕುತ್ತಿದ್ದರು, ನಾನು ಕಟ್ಟಿ ಮಾರುತ್ತಿದ್ದೆ. ನನ್ನ ಕಣ್ಣಿಗೆ ಸೊಪ್ಪು ಹುಟ್ಟುವುದೇ ಕಟ್ಟಿನಲ್ಲಿ. ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಉದ್ದನೆಯ ತೊಟ್ಟಿಯಿಟ್ಟು ಒಂದು ಪ್ಯಾಕೆಟ್ ಬೀಜವನ್ನೆಲ್ಲ ಒಂದೇ ಕಡೆ ಸುರಿದೆ. ಮೊಳಕೆಯೇನೋ ಬಂತು. ನಾನು ಅಭ್ಯಾಸಬಲದಿಂದ ಗಂಟೆಗೊಂದು ಸಲ ಎಲೆಯ ಮೇಲೆ ನೀರು ಚಿಮುಕಿಸಿದೆ, ಮಾರ್ಕೆಟ್ಟಿನಲ್ಲಿ ಚಿಮುಕಿಸುತ್ತಿದ್ದ ಹಾಗೆಯೇ, ಬೆರಳು ಕೊಡವಿ. ಮೇಲೆ ತಳತಳ, ಕೆಳಗೆ ಬೇರು ಒಣಕಲು. ವಾರದೊಳಗೆ ಅಷ್ಟೂ ಪಕ್ಕಕ್ಕೆ ಒರಗಿ ಮಲಗಿಬಿಟ್ಟವು.

ವಿಡಿಯೋದಲ್ಲಿ ನೋಡಿದ ಹೆಂಡತಿ ಹಣೆ ಚಚ್ಚಿಕೊಂಡಳು. “ಅಯ್ಯೋ ದೇವರೇ! ಗಿಡಕ್ಕೆ ಬುಡ ಅಂತ ಒಂದಿರತ್ತೆ ಕಣ್ರೀ. ಮಾರೋಕೆ ಇಟ್ಟಿದೀರಾ, ಬೆಳೆಯೋಕೆ ಇಟ್ಟಿದೀರಾ?”

ಎರಡನೆಯ ಸಲ ಅವಳು ಹೇಳಿದಂತೆ ಅಂತರ ಬಿಟ್ಟು ಬಿತ್ತಿದೆ, ಬುಡಕ್ಕೆ ನೀರು ಹಾಕಿದೆ. ಜೂನ್ ಬಿಸಿಲಿಗೆ ಗೇಣುದ್ದ ಬಂತು. ಬಾಗಿಲು ತೆಗೆದರೆ ಅಡುಗೆಮನೆಯ ತನಕ ಘಮ. ಪಕ್ಕದ ಮನೆಯ ಗುಜರಾತಿ ಆಂಟಿ ಬೇಲಿಯ ಮೇಲಿಂದ ಮೂಗು ಅರಳಿಸಿದರು. ನನಗೆ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಭಾನುವಾರ ಕೊಯ್ದು ಅಕ್ಕಿರೊಟ್ಟಿ ತಟ್ಟುವುದೆಂದು ತೀರ್ಮಾನವಾಯಿತು.

ಶುಕ್ರವಾರ ಬೆಳಿಗ್ಗೆ ನೋಡುತ್ತೇನೆ, ಒಂದು ಮೂಲೆಯಲ್ಲಿ ಬರೀ ಕಡ್ಡಿ! ಬಗ್ಗಿದರೆ ಹಸಿರು ಮೈಯ, ಕಪ್ಪು ಪಟ್ಟೆಯ, ಹಳದಿ ಚುಕ್ಕಿಯ ಹುಳಗಳು. ಏಳು. ಮದುವೆ ಊಟಕ್ಕೆ ಕೂತವರ ಹಾಗೆ ತಲೆಯೆತ್ತದೆ ತಿನ್ನುತ್ತಿದ್ದವು. ನಾನು ಚಪ್ಪಲಿ ಬಿಚ್ಚಿದೆ.

“ತಾತ, ನೋ! ಡೋಂಟ್ ಯೂ ಡೇರ್!”

ಬಾಗಿಲಲ್ಲಿ ಮೊಮ್ಮಗಳು, ಆರು ವರ್ಷದವಳು. ತಮ್ಮ ಹುಟ್ಟಿದಾಗಿನಿಂದ ಮುಖ ಊದಿಸಿಕೊಂಡು ಯಾರ ಹತ್ತಿರವೂ ಸರಿಯಾಗಿ ಮಾತಾಡದಿದ್ದ ಹುಡುಗಿ ಓಡಿ ಬಂದು ತೊಟ್ಟಿಗೆ ಅಡ್ಡ ನಿಂತಳು.

“ಪುಟ್ಟಿ, ಅಮ್ಮನ ಊಟ ತಿಂತಾ ಇದಾವಮ್ಮ.”

“ದೇ ಆರ್ ಬೇಬೀಸ್! ಚಿಟ್ಟೆ ಬೇಬೀಸ್. ಆ ಬೇಬಿ ಮಾತ್ರ ತಿನ್ನಬೇಕಾ?”

ಆ ಬೇಬಿ ಎಂದರೆ ಒಳಗೆ ಮಲಗಿದ್ದ ತಮ್ಮ. ನಾನು ಚಪ್ಪಲಿ ಕಾಲಿಗೆ ಹಾಕಿಕೊಂಡೆ.

ಅಳಿಯ ರಾಜಿಗೆಂದು ಅಂಗಡಿಯ ಡಬ್ಬಿ ಸೊಪ್ಪು ತಂದು ಹುಳಗಳ ಮುಂದಿಟ್ಟ. ಅವು ಮುಟ್ಟಲಿಲ್ಲ. ವಿಷಯ ತಿಳಿದು ಮೈಸೂರಿನಿಂದ ಹೆಂಡತಿ, “ಹುಳಕ್ಕಿರೋ ನಾಲಿಗೆ ಅಳಿಯಂದ್ರಿಗಿಲ್ವಲ್ಲ” ಎಂದಳು. ಸ್ಪೀಕರ್ ಹಾಕಿತ್ತು. ಅಳಿಯ ಅಂದು ಮ್ಯಾನ್‌ಹಟನ್ ರೈಲಿಗೆ ಹತ್ತು ನಿಮಿಷ ಮುಂಚೆಯೇ ಹೊರಟ.

ಶನಿವಾರಕ್ಕೆ ಅರ್ಧ ತೊಟ್ಟಿ ಬೋಳಾಯಿತು. ಭಾನುವಾರಕ್ಕೆ ಏನೂ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮೂರನೆಯ ಸಲ ಬಿತ್ತಿ ಬೆಳೆಯುವಷ್ಟರಲ್ಲಿ ನಾನು ಹಿಂದಿರುಗುವ ದಿನ. ಹುಳ ಕೊಂದರೆ ಮೊಮ್ಮಗಳು ಹೋದಳು, ಬಿಟ್ಟರೆ ಮಗಳ ರೊಟ್ಟಿ ಹೋಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಮುಖ ಹೇಗಿತ್ತೋ, ಮೊಮ್ಮಗಳು ಬಂದು ಪಕ್ಕ ಕೂತಳು.

“ತಾತ, ಆರ್ ಯೂ ಕ್ರೈಯಿಂಗ್?”

“ಇಲ್ಲಮ್ಮ. ನಿಮ್ಮಮ್ಮಂಗೆ ಒಂದು ರೊಟ್ಟಿ ತಟ್ಟಿ ಕೊಡಬೇಕು ಅಂತ ಆಸೆ ಇತ್ತು.”

ಅವಳು ಗಲ್ಲಕ್ಕೆ ಕೈಯಿಟ್ಟು ಯೋಚಿಸಿ ಒಳಗೆ ಹೋದಳು. ಲೈಬ್ರರಿಯಿಂದ ತಂದ ಚಿಟ್ಟೆ ಪುಸ್ತಕ ಹಿಡಿದು ಬಂದು, ಒಂದು ಪುಟದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ನನಗೆ ಪುಸ್ತಕದ ಇಂಗ್ಲಿಷು ತಿಳಿಯದು, ಚಿತ್ರ ಅರ್ಥವಾಯಿತು. ಅದೇ ಹುಳ, ಬೇರೆ ಸೊಪ್ಪು. ಪಾರ್ಸ್ಲಿಯಂತೆ. ನೋಡಲು ಕೊತ್ತಂಬರಿಗೆ ದೊಡ್ಡಪ್ಪನ ಮಗನಂತಿರುತ್ತದೆ. ಗುಜರಾತಿ ಆಂಟಿಯ ಮನೆಯಲ್ಲಿ ಎರಡು ಕುಂಡ ತುಂಬ ಇತ್ತು. ಬೇಲಿಯ ಮೇಲಿಂದಲೇ ದಾಟಿಸಿದರು.

ಐಸ್‌ಕ್ರೀಮ್ ಕಡ್ಡಿಯಲ್ಲಿ ಒಂದೊಂದಾಗಿ ಏಳನ್ನೂ ಅವಳೇ ಎತ್ತಿ ಇಟ್ಟಳು. ನಾನು ಕುಂಡ ಹಿಡಿದು ನಿಂತೆ. ಒಂದು ಹುಳ ಸಿಟ್ಟಿಗೆದ್ದು ತಲೆಯ ಮೇಲೆ ಕಿತ್ತಳೆ ಬಣ್ಣದ ಕೊಂಬು ಚಾಚಿ ಗಬ್ಬುನಾತ ಬಿಟ್ಟಿತು. ನಾನು “ಅಯ್ಯಪ್ಪಾ” ಎಂದು ಕೂಗಿದೆ. ಅವಳು ನಕ್ಕಳು ನೋಡಿ, ಎರಡು ತಿಂಗಳ ನಗುವೆಲ್ಲ ಒಟ್ಟಿಗೆ! ಮಗಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕಿಟಕಿಗೆ ಬಂದು ನೋಡಿದಳು. ಅಷ್ಟರಲ್ಲಿ ಹುಳಗಳು ಪಾರ್ಸ್ಲಿಗೆ ಬಾಯಿ ಹಾಕಿದ್ದವು.

ಭಾನುವಾರ ಕೊಯ್ದೆ. ಒಂದು ಕಟ್ಟಾಯಿತು, ಒಂದೇ. ಹೆಂಡತಿ ಫೋನಿನಲ್ಲಿ ಹೇಳುತ್ತಾ ಹೋದಳು, ನಾನು ಅಕ್ಕಿಹಿಟ್ಟಿಗೆ ಸೊಪ್ಪು ಕಲಸಿ ತಟ್ಟಿದೆ. ಯಾವ ರೊಟ್ಟಿಯೂ ದುಂಡಗೆ ಬರಲಿಲ್ಲ. ಮಗಳು ಮುರಿದು ಬಾಯಿಗಿಟ್ಟಳು.

“ಅಪ್ಪ, ಉಪ್ಪು ಹಾಕಿಲ್ಲ.”

“ಅಯ್ಯೋ...”

“ಇನ್ನೊಂದು ಹಾಕಿ.”

ನಾಲ್ಕು ತಿಂದಳು. ಉಪ್ಪಿಲ್ಲದ ನಾಲ್ಕು! ಕೊನೆಯದರಲ್ಲಿ ಒಂದು ಚೂರನ್ನು ಮೊಮ್ಮಗಳೂ ಕಸಿದು ತಿಂದು, “ನಾನು ಹುಳ ಆಗಿದ್ರೆ ಇಷ್ಟ ಆಗ್ತಿತ್ತು” ಎಂದು ತೀರ್ಪು ಕೊಟ್ಟಳು.

ಸಂಜೆ ಹಾಲು ಕುಡಿದು ಮಲಗಿದ ಮೊಮ್ಮಗನ ಬಾಯಿಯ ಹತ್ತಿರ ಮೂಗು ಒಯ್ದೆ. ಸಬ್ಬಸಿಗೆ ಘಮ! ದೇವರಾಣೆ. ಕೂಗಿ ಎಲ್ಲರನ್ನೂ ಕರೆದೆ.

ಮಗಳು ನಕ್ಕಳು. “ಅಪ್ಪ, ಅದು ನಿಮ್ಮ ಕೈ ವಾಸನೆ.”

ನಾನು ಹೋಗಿ ಸೋಪು ಹಾಕಿ ಎರಡು ಸಲ ಕೈ ತೊಳೆದುಕೊಂಡು ಬಂದು ಮತ್ತೆ ಮೂಸಿದೆ. ಇತ್ತು.