ಬೂಟಿಲ್ಲದ ಅಪ್ಪ

"ಗಂಡಸು ಬರೋಕೆ ಮುಂಚೆ ಅವನ ಬೂಟಿನ ಸದ್ದು ಬರ್ಬೇಕು ಕಣಯ್ಯಾ!" ಎಂಬತ್ತರ ದಶಕದಲ್ಲಿ ಅಮೆರಿಕದ ಬ್ರಿಡ್ಜ್‌ವಾಟರಿನಲ್ಲಿ ನಮ್ಮಿಂದೆಲ್ಲ ನಾಟಕ ಆಡಿಸುತ್ತಿದ್ದ ಅಂಕಲ್‌ಗೆ ಇದೇ ಮಂತ್ರ. ಐವತ್ತರ ದಶಕದ ಅಮೆರಿಕನ್ ನಾಟಕವೊಂದರ ಕನ್ನಡ ರೂಪ. ಮನೆಮಂದಿಯನ್ನೆಲ್ಲ ನಡುಗಿಸುವ ಅಪ್ಪನ ಪಾತ್ರ ನನ್ನದು. ಆಂಟಿ ಎಷ್ಟೇ ಗೊಣಗಿದರೂ ಅಂಕಲ್ ಮನೆಯೊಳಗೇ ಬೂಟು ಮೆಟ್ಟಿ, ಎದೆಯುಬ್ಬಿಸಿ, ದಬದಬನೆ ನಡೆದು ತೋರಿಸುತ್ತಿದ್ದರು.

ಪ್ರದರ್ಶನ ದೇವಸ್ಥಾನದ ಸಭಾಂಗಣದಲ್ಲಿ. ಅಭ್ಯಾಸಬಲದಿಂದ ಬೂಟನ್ನು ಬಾಗಿಲಾಚೆ ಬಿಟ್ಟು ಬಂದಿದ್ದ ನಾನು ಬರಿಗಾಲಲ್ಲೇ ರಂಗಕ್ಕೆ ನುಗ್ಗಿದೆ. ಸದ್ದೇ ಇಲ್ಲ! ಮಗನ ಪಾತ್ರಧಾರಿ "ಇನ್ಮೇಲೆ ನಿಮಗೆ ಹೆದರಲ್ಲ" ಎಂದಾಗ ನನ್ನ ಬರಿಗಾಲನ್ನೇ ನೋಡುತ್ತ ನಿಂತೆ. ಮುಂದಿನ ಮಾತಿಗೆ ನನ್ನ ದನಿ ಒಡೆಯಿತು. ಸಭೆ ಉಸಿರು ಬಿಗಿಹಿಡಿಯಿತು.

ಪರದೆ ಬಿದ್ದದ್ದೇ ತಡ, ಅಂಕಲ್ ಓಡೋಡಿ ಬಂದರು. ಬೈಗುಳಕ್ಕೆಂದು ತಲೆ ತಗ್ಗಿಸಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಾಳೆ ಷೋಗೂ ಬೂಟ್ ಬೇಡ ಕಣಯ್ಯಾ."